8ನೇ ತರಗತಿ ಹುಡುಗ, ಬರವಣಿಗೆ ಕಷ್ಟ: ಎಸ್ಸೆಸ್ಸೆಲ್ಸಿ ವಿನಾಯಿತಿಯಾ, ಎನ್‌ಐಒಎಸ್ಸಾ?

ಹೇಮಾವತಿ_ತೀರ:
ಅನುದಾನಿತ ಶಾಲೆ, 8ನೇ ತರಗತಿ, ಹುಡುಗನಿಗೆ ಇನ್ನೂ 13 ನಡೀತಿದೆ. ಬಾಯಲ್ಲಿ ಕೇಳಿದರೆ ಉತ್ತರ ಸರಿಯಾಗಿ ಹೇಳ್ತಾನೆ. ಬರೆಯೋಕೆ ಕೂತರೆ ಅರ್ಧ ಪುಟ ದಾಟಲ್ಲ. ಒತ್ತಕ್ಷರ, ದೀರ್ಘ ಎಲ್ಲ ಅದಲುಬದಲು. ಇಂಗ್ಲಿಷ್, ಹಿಂದಿ ಎರಡೂ ಕೈಕೊಡುತ್ತವೆ. ಲೆಕ್ಕ ತಲೆಯಲ್ಲೇ ಮಾಡ್ತಾನೆ, ಹಾಳೆ ಮೇಲೆ 63 ಹೋಗಿ 36 ಆಗಿರುತ್ತೆ. ಇದುವರೆಗೆ ಎಲ್ಲೂ ತೋರಿಸಿಲ್ಲ. ಶಾಲೆಯವರು "ಟಿ.ಸಿ. ಕೊಡ್ತೀವಿ, ಎನ್‌ಐಒಎಸ್‌ಗೆ (ರಾಷ್ಟ್ರೀಯ ಮುಕ್ತ ಶಾಲೆ) ಹಾಕಿ, ಸುಲಭ" ಅಂತಿದ್ದಾರೆ. ಟಿ.ಸಿ. ತಗೋಬಹುದಾ? ಎಸ್ಸೆಸ್ಸೆಲ್ಸಿಯಲ್ಲೇ ಉಳಿದರೆ ಏನೇನು ಅನುಕೂಲ ಸಿಗುತ್ತೆ, ಯಾವಾಗ ಅರ್ಜಿ ಹಾಕಬೇಕು? ಗೊತ್ತಿರುವವರು ವಿವರವಾಗಿ ಹೇಳಿ.

ಕಪ್ಪುಹಲಗೆ:
ಟಿ.ಸಿ. ಈಗ ಬೇಡವೇ ಬೇಡ. ಮೊದಲ ಕಾರಣ ಸರಳ: ಎನ್‌ಐಒಎಸ್ ಸೆಕೆಂಡರಿಗೆ ಸೇರಲು ಕನಿಷ್ಠ 14 ವರ್ಷ ಆಗಿರಬೇಕು. ಈಗ ಹೊರಗೆ ಬಂದರೆ ಹುಡುಗ ಇಲ್ಲೂ ಇಲ್ಲ, ಅಲ್ಲೂ ಇಲ್ಲ. ಎರಡನೆಯದು, 14ರವರೆಗೆ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಅವನನ್ನು ಶಾಲೆಯಿಂದ ಹೊರಹಾಕುವಂತಿಲ್ಲ. ಅಂಗವಿಕಲರ ಹಕ್ಕುಗಳ ಕಾಯ್ದೆ 2016ರ 16ನೇ ಕಲಂ ಸರ್ಕಾರಿ, ಅನುದಾನಿತ, ಮಾನ್ಯತೆ ಪಡೆದ ಶಾಲೆಗಳಿಗೆಲ್ಲ ತಾರತಮ್ಯವಿಲ್ಲದೆ ಸೇರಿಸಿಕೊಂಡು ಕಲಿಸುವ ಹೊಣೆ ಹೊರಿಸುತ್ತದೆ. 10ನೇ ತರಗತಿ ಫಲಿತಾಂಶದ ಶೇಕಡಾವಾರು ಕೆಡಬಾರದು ಅಂತ ಇಂಥ ಮಕ್ಕಳನ್ನು 8, 9ರಲ್ಲೇ ಸಾಗಹಾಕುವ ಚಾಳಿ ಬಹಳ ಶಾಲೆಗಳಲ್ಲಿದೆ. "ಸುಲಭ" ಅಂದದ್ದು ಯಾರಿಗೆ ಸುಲಭ ಅಂತ ಕೇಳಿನೋಡಿ.

ಬಾಯಿಮಾತಿನಲ್ಲಿ ಜಗಳ ಬೇಡ. ಮುಖ್ಯ ಶಿಕ್ಷಕರಿಗೆ ಒಂದು ಪುಟದ ಅರ್ಜಿ ಕೊಡಿ: "ಮಗುವಿಗೆ ಕಲಿಕಾ ನ್ಯೂನತೆ ಇರುವ ಶಂಕೆ ಇದೆ, ಶಾಲೆಯಿಂದ ತಪಾಸಣಾ ವರದಿ ಕೊಟ್ಟು ಮೌಲ್ಯಮಾಪನಕ್ಕೆ ಕಳುಹಿಸಿ." ಪ್ರತಿಯ ಮೇಲೆ ತಾರೀಖು, ಸೀಲು ಹಾಕಿಸಿಕೊಳ್ಳಿ. ಆ ಪ್ರತಿ ಮುಂದೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಲ್ಲೂ ಬೇಕಾಗುತ್ತೆ.

ಮನೋಮಾಪಕ:
ಮೌಲ್ಯಮಾಪನದ ಬಗ್ಗೆ ನಾನು ಹೇಳ್ತೀನಿ, ಏಕೆಂದರೆ ಜನ ಅಲ್ಲೇ ಅತಿ ಹೆಚ್ಚು ದುಡ್ಡು ಕಳೆಯೋದು.

ಮೊದಲು ಕಣ್ಣು, ಕಿವಿ. ಇವೆರಡರ ವರದಿ ಇಲ್ಲದೆ ಯಾರೂ ಮುಂದಕ್ಕೆ ಹೋಗಬಾರದು, ವೈದ್ಯಕೀಯ ಮಂಡಳಿಯೂ ಒಪ್ಪಲ್ಲ. ಆಮೇಲೆ ಮಕ್ಕಳ ವೈದ್ಯರ ನರಸಂಬಂಧಿ ತಪಾಸಣೆ. ನಂತರ ಕ್ಲಿನಿಕಲ್ ಅಥವಾ ರಿಹ್ಯಾಬಿಲಿಟೇಶನ್ ಸೈಕಾಲಜಿಸ್ಟ್ ಹತ್ತಿರ ಬುದ್ಧಿಮಟ್ಟದ ಪರೀಕ್ಷೆ. ಅದು 85ಕ್ಕಿಂತ ಮೇಲಿದ್ದರೆ ಕಲಿಕಾ ನ್ಯೂನತೆಯ ಪರೀಕ್ಷೆ, ನಿಮ್ಹಾನ್ಸ್ ರೂಪಿಸಿದ ಪರೀಕ್ಷಾ ಸರಣಿ. ಕೇಂದ್ರದ 2018ರ ಜನವರಿ ಅಧಿಸೂಚನೆಯಲ್ಲಿ ಇದ್ದ ಕ್ರಮ ಇದು, 2024ರಲ್ಲಿ ಹೊಸ ಅಧಿಸೂಚನೆ ಬಂದಿದೆ, ಈಗಿನ ಕ್ರಮ ಆಸ್ಪತ್ರೆಯಲ್ಲಿ ಕೇಳಿಕೊಳ್ಳಿ.

2018ರ ಆ ಅಧಿಸೂಚನೆಯಲ್ಲಿ ವಯಸ್ಸಿನ ಲೆಕ್ಕ ಇತ್ತು: 8 ತುಂಬಿದ ಮೇಲೆ ಮಾತ್ರ ಪ್ರಮಾಣಪತ್ರ, 14ಕ್ಕೆ ಮತ್ತೊಮ್ಮೆ, 18ಕ್ಕೆ ಇನ್ನೊಮ್ಮೆ. 18ರಲ್ಲಿ ಕೊಟ್ಟದ್ದು ಜೀವನಪರ್ಯಂತ. ಆ ಲೆಕ್ಕದಲ್ಲಿ ನಿಮ್ಮ ಹುಡುಗನಿಗೆ ಈಗಲೇ ಮಾಡಿಸಿದರೆ 9ನೇ ತರಗತಿಯಲ್ಲಿ ಮರುಪ್ರಮಾಣೀಕರಣ ಬರುತ್ತೆ. ಹಾಗಂತ 14 ಆಗಲಿ ಅಂತ ಕಾಯಬೇಡಿ. ಸರ್ಕಾರಿ ಸಂಸ್ಥೆಗಳಲ್ಲಿ ಸರದಿ ಉದ್ದ, ಒಂದೇ ದಿನದಲ್ಲಿ ಮುಗಿಯುವ ಪರೀಕ್ಷೆಯೂ ಅಲ್ಲ. ಈಗಿನ ವರದಿ ಶಾಲೆಯೊಳಗೆ ಪಾಠಕ್ಕೆ, ಕಿರುಪರೀಕ್ಷೆಗೆ ಉಪಯೋಗಕ್ಕೆ ಬರುತ್ತೆ. 14ರದ್ದು ಎಸ್ಸೆಸ್ಸೆಲ್ಸಿ ಪರೀಕ್ಷೆಗೆ.

ಖಾಸಗಿ ಕ್ಲಿನಿಕ್ಕಿನ ವರದಿ ಪ್ರಮಾಣಪತ್ರ ಅಲ್ಲ. ವರದಿ ಎಂಟು ಪುಟ ಇದ್ದರೂ ಪರೀಕ್ಷಾ ಮಂಡಳಿಗೆ ಬೇಕಾದದ್ದು ಸಕ್ಷಮ ವೈದ್ಯಕೀಯ ಪ್ರಾಧಿಕಾರದ ಸಹಿ. ಯುಡಿಐಡಿ (ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿ) ಅರ್ಜಿಯನ್ನು ಸ್ವಾವಲಂಬನ್ ಪೋರ್ಟಲ್‌ನಲ್ಲಿ ಹಾಕಿ ಜಿಲ್ಲಾ ಆಸ್ಪತ್ರೆಯ ಮಂಡಳಿ ಮುಂದೆ ಹೋಗಬೇಕು. ಖಾಸಗಿಯಲ್ಲಿ ಮಾಡಿಸಲೇಬೇಕಾದರೆ ಆ ಸೈಕಾಲಜಿಸ್ಟ್‌ಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಸಂಖ್ಯೆ ಇದೆಯಾ ನೋಡಿ. ವರದಿಯ ಕೊನೆಯಲ್ಲಿ ಅದು ಇರಲೇಬೇಕು.

ಇನ್ನೊಂದು: ಓದುವ ಪರೀಕ್ಷೆ ಯಾವ ಭಾಷೆಯಲ್ಲಿ ಮಾಡಿದರು ಅಂತ ಕೇಳಿ. ಕನ್ನಡ ಮಾಧ್ಯಮದ ಮಗುವಿಗೆ ಇಂಗ್ಲಿಷ್ ಪ್ಯಾಸೇಜ್ ಕೊಟ್ಟು "ಎರಡನೇ ತರಗತಿ ಮಟ್ಟ" ಅಂತ ಬರೆದ ವರದಿ ಏನನ್ನೂ ಹೇಳಲ್ಲ.

ಹೇಮಾವತಿ_ತೀರ:
ಬುದ್ಧಿಮಟ್ಟ 85ಕ್ಕಿಂತ ಕಡಿಮೆ ಬಂದರೆ?

ಮನೋಮಾಪಕ:
ಅದೇ ಈ ವ್ಯವಸ್ಥೆಯ ದೊಡ್ಡ ಕಂದಕ. 70ಕ್ಕಿಂತ ಕೆಳಗೆ ಇದ್ದು, ದಿನನಿತ್ಯದ ಹೊಂದಾಣಿಕೆಯಲ್ಲೂ ಕೊರತೆ ಇದ್ದರೆ ಬೌದ್ಧಿಕ ನ್ಯೂನತೆ, ಅದಕ್ಕೆ ಪ್ರಮಾಣಪತ್ರ ಇದೆ. 85ರ ಮೇಲೆ ಕಲಿಕಾ ನ್ಯೂನತೆ, ಅದಕ್ಕೂ ಇದೆ. 70ರಿಂದ 84ರ ಮಧ್ಯದ ಮಕ್ಕಳು, ಶಾಲೆಯಲ್ಲಿ "ನಿಧಾನ ಕಲಿಕೆ" ಅಂತ ಕರೀತಾರಲ್ಲ, ಅವರು ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಯ ಅಂಗವೈಕಲ್ಯದ ಪಟ್ಟಿಯಲ್ಲೇ ಇಲ್ಲ. ಹೆಚ್ಚುವರಿ ಸಮಯವೂ ಇಲ್ಲ, ಬರೆಯುವವರೂ ಇಲ್ಲ. ಅಂಥ ಮಕ್ಕಳಿಗೆ ಮಾತ್ರ ನಾನು ಎನ್‌ಐಒಎಸ್ ಅನ್ನು ಮೊದಲ ಆಯ್ಕೆಯಾಗಿ ಹೇಳೋದು. ಅಲ್ಲಿ ಕಡಿಮೆ ವಿಷಯ, ಹಂತಹಂತವಾಗಿ ಬರೆಯುವ ಸ್ವಾತಂತ್ರ್ಯ ಪ್ರಮಾಣಪತ್ರ ಇಲ್ಲದೆಯೇ ಸಿಗುತ್ತೆ.

ಧಾರವಾಡ_ಪೇಡೆ:
ಬ್ಲಾಕ್ ಮಟ್ಟದಾಗ ಏನೈತಿ ಅಂತ ನಾ ಹೇಳ್ತೀನ್ರಿ. ಪ್ರತಿ ಬಿಆರ್‌ಸಿಗೆ (ಬ್ಲಾಕ್ ಸಂಪನ್ಮೂಲ ಕೇಂದ್ರ) ಬಿಐಇಆರ್‌ಟಿ ಅಂತ ಇರ್ತಾರ, ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರು. ಮಗುವಿನ ವೈಯಕ್ತಿಕ ಶಿಕ್ಷಣ ಯೋಜನೆ ಬರೆಯೋದು, ಶಾಲಿಗೆ ಬಂದು ಶಿಕ್ಷಕರಿಗೆ ತೋರಿಸಿಕೊಡೋದು, ವೈದ್ಯಕೀಯ ಶಿಬಿರಕ್ಕ ಹೆಸರು ಸೇರಿಸೋದು, ತೀವ್ರ ತೊಂದರೆ ಇದ್ದವರಿಗೆ ಮನಿಗೇ ಹೋಗಿ ಕಲಿಸೋದು ಅವರ ಕೆಲಸ. ಒಬ್ಬೊಬ್ಬರ ಕೈಯಾಗ ಭಾಳ ಶಾಲಿ ಇರ್ತಾವ್ರಿ. ತಾವಾಗಿ ಬರ್ತಾರ ಅಂತ ಕುಂತ್ರ ವರ್ಷ ಹೋಗ್ತದ. ಬಿಆರ್‌ಸಿಗೆ ಹೋಗಿ ಹೆಸರು ಕೇಳಿ ಭೇಟಿಯಾಗ್ರಿ.

ಎಲ್ಲಾಕಿಂತ ಮುಖ್ಯ ಎಸ್‌ಎಟಿಎಸ್, ಅಂದ್ರ ಶಿಕ್ಷಣ ಇಲಾಖೆಯ ಆನ್‌ಲೈನ್ ವಿದ್ಯಾರ್ಥಿ ದಾಖಲೆ. ಮಗುವಿನ ವಿವರದಾಗ ವಿಶೇಷ ಅಗತ್ಯವುಳ್ಳ ಮಗು ಅನ್ನೋ ಕಾಲಂ ತುಂಬ್ಯಾರೋ ಇಲ್ಲೋ, ಯಾವ ಬಗೆ ಅಂತ ಹಾಕ್ಯಾರ ನೋಡ್ರಿ. ಎಸ್ಸೆಸ್ಸೆಲ್ಸಿ ನೋಂದಣಿಗೆ ಮಾಹಿತಿ ಅಲ್ಲಿಂದನ ಹೋಗ್ತದ. 10ನೇತ್ತಕ್ಕ ಬಂದ ಮ್ಯಾಲೆ ಪ್ರಮಾಣಪತ್ರ ಹಿಡಕೊಂಡು ಓಡಿ ಬರ್ತಾರ, ಆದ್ರ ಎಸ್‌ಎಟಿಎಸ್‌ನಾಗ "ಇಲ್ಲ" ಅಂತ ಇರ್ತದ, ತಿದ್ದುಪಡಿಗೆ ಮತ್ತ ಬಿಇಒ ಕಚೇರಿ ಸುತ್ತು. ಹೆಸರಿನ ಅಕ್ಷರ, ಜನ್ಮ ದಿನಾಂಕ ಆಧಾರ್, ಎಸ್‌ಎಟಿಎಸ್, ಯುಡಿಐಡಿ ಮೂರರಾಗೂ ಒಂದ ಇರ್ಬೇಕು. ಅರ್ಧ ಅರ್ಜಿ ತಿರಸ್ಕಾರ ಆಗೋದು ಇದಕ್ಕ.

ಕಪ್ಪುಹಲಗೆ:
ಪೇಡೆ ಸರ್ ಹೇಳಿದ್ದು ನೂರಕ್ಕೆ ನೂರು. ಇನ್ನು ಎಸ್ಸೆಸ್ಸೆಲ್ಸಿ ಒಳಗಿನ ಅನುಕೂಲಗಳಿಗೆ ಬರ್ತೀನಿ.

ಮೂರು ಭಾಷೆ, ಮೂರು ಕೋರ್ ವಿಷಯ, ಒಟ್ಟು 625. 2025-26ರಿಂದ ತೇರ್ಗಡೆಗೆ ಒಟ್ಟಾರೆ ಶೇ 33, ಅಂದರೆ 206, ಜೊತೆಗೆ ಪ್ರತಿ ವಿಷಯದಲ್ಲೂ ಶೇ 30. ಆಂತರಿಕ ಅಂಕಗಳು ಶಾಲೆಯ ಕೈಯಲ್ಲಿವೆ. ಪ್ರಥಮ ಭಾಷೆಗೆ 25, ಉಳಿದವಕ್ಕೆ ತಲಾ 20. ಬರವಣಿಗೆ ಕಷ್ಟದ ಮಗುವಿಗೆ ಆ ಚಟುವಟಿಕೆಗಳನ್ನು ಮೌಖಿಕವಾಗಿ, ಮಾದರಿ ಮಾಡಿಸಿ ಕೊಡಬಹುದು. ಇದಕ್ಕೆ ಯಾವ ಆದೇಶವೂ ಬೇಡ, ಶಿಕ್ಷಕರಿಗೆ ಮನಸ್ಸಿದ್ದರೆ ಸಾಕು.

ಪ್ರಮಾಣಪತ್ರ ಇದ್ದರೆ ಹೆಚ್ಚುವರಿ ಸಮಯ, ಉತ್ತರ ಬರೆಯಲು ಸಹಾಯಕ, ಭಾಷಾ ವಿನಾಯಿತಿ, ಪರ್ಯಾಯ ವಿಷಯ. ಹೆಚ್ಚುವರಿ ಸಮಯ, ಬರಹಗಾರ, ದ್ವಿತೀಯ ಮತ್ತು ತೃತೀಯ ಭಾಷೆಯ ವಿನಾಯಿತಿ ಮೂರೂ ಕಾಯ್ದೆಯ 17ನೇ ಕಲಂನಲ್ಲೇ ಹೆಸರಿಸಲ್ಪಟ್ಟಿವೆ. ಸಮಯದ ಲೆಕ್ಕ ಸಾಮಾನ್ಯವಾಗಿ ಗಂಟೆಗೆ 20 ನಿಮಿಷ, ಮೂರು ಗಂಟೆಯ ಪತ್ರಿಕೆಗೆ ಒಂದು ಗಂಟೆ. ಪರ್ಯಾಯ ವಿಷಯ ಏನಂತ ಬಹಳ ಜನಕ್ಕೆ ಗೊತ್ತಿಲ್ಲ. ಮಂಡಳಿಯ ವೇಳಾಪಟ್ಟಿ ತೆಗೆದು ನೋಡಿ: ಗಣಿತದ ಪಕ್ಕದಲ್ಲಿ ಸಮಾಜಶಾಸ್ತ್ರ, ವಿಜ್ಞಾನದ ಪಕ್ಕದಲ್ಲಿ ರಾಜ್ಯಶಾಸ್ತ್ರ, ಹಿಂದೂಸ್ತಾನಿ ಸಂಗೀತ, ಕರ್ನಾಟಕ ಸಂಗೀತ ಅಂತ ಇರುತ್ತೆ. ಅದು ಇವರಿಗೇ.

ಅರ್ಜಿ ಹೋಗೋದು ಮುಖ್ಯ ಶಿಕ್ಷಕರ ಮೂಲಕ, 10ನೇ ತರಗತಿ ನೋಂದಣಿಯ ಜೊತೆಯಲ್ಲೇ. ಪ್ರವೇಶಪತ್ರ ಬಂದ ಮೇಲೆ ಕೇಳಿದರೆ ಅಧೀಕ್ಷಕರು ಕೈಚೆಲ್ಲುತ್ತಾರೆ, ಅವರ ತಪ್ಪೂ ಅಲ್ಲ. ಮಂಜೂರಾತಿ ಆದೇಶದ ಪ್ರತಿ ನಿಮ್ಮ ಕೈಯಲ್ಲಿರಬೇಕು, ಪರೀಕ್ಷಾ ಕೇಂದ್ರದಲ್ಲೂ ಒಂದು ಇರಬೇಕು.

ಐಟಿಐ_ಮೇಷ್ಟ್ರು:
ಪರ್ಯಾಯ ವಿಷಯ ಅಂತ ಕೇಳಿದ ಕೂಡಲೇ ಗಣಿತ ಬಿಡಿಸೋಕೆ ಎಲ್ಲರೂ ಓಡ್ತಾರೆ. ಸ್ವಲ್ಪ ತಡೀರಿ. ಪಾಲಿಟೆಕ್ನಿಕ್‌ನ ಎಂಜಿನಿಯರಿಂಗ್ ಡಿಪ್ಲೊಮಾಗೆ 10ರಲ್ಲಿ ಗಣಿತ, ವಿಜ್ಞಾನ ಓದಿರಲೇಬೇಕು. ಐಟಿಐನಲ್ಲಿ ಫಿಟ್ಟರ್, ಎಲೆಕ್ಟ್ರಿಷಿಯನ್‌ಗೂ ಹಾಗೇ. ಪಿಯುಸಿ ವಿಜ್ಞಾನ ಅಂತೂ ಮರೆತುಬಿಡಿ. ಈ ಹುಡುಗನಿಗೆ ಲೆಕ್ಕ ತಲೆಯಲ್ಲಿ ಬರುತ್ತೆ ಅಂತ ಬರೆದಿದ್ದಾರೆ. ಇಂಥವನಿಗೆ ಗಣಿತ ಬಿಡಿಸೋದು ಕಾಲಿಗೆ ಮುಳ್ಳು ಚುಚ್ಚಿದ್ದಕ್ಕೆ ಕಾಲನ್ನೇ ಕತ್ತರಿಸಿದ ಹಾಗೆ. ಬರಹಗಾರರನ್ನು ಕೊಡಿಸಿ, ಹೆಚ್ಚುವರಿ ಸಮಯ ಕೊಡಿಸಿ, ಗಣಿತ ಉಳಿಸಿ. ಭಾಷೆ ಬಿಟ್ಟರೆ ಈ ಬಾಗಿಲುಗಳು ಮುಚ್ಚಲ್ಲ, ಗಣಿತ ಬಿಟ್ಟರೆ ಮುಚ್ಚುತ್ತವೆ.

ಇನ್ನೊಂದು ತೊಂದರೆ: ಸಮಾಜಶಾಸ್ತ್ರ, ರಾಜ್ಯಶಾಸ್ತ್ರವನ್ನು ನಿಮ್ಮ ಪ್ರೌಢಶಾಲೆಯಲ್ಲಿ ಯಾರೂ ಪಾಠ ಮಾಡಲ್ಲ. ಸಮಾಜ ವಿಜ್ಞಾನದ ಶಿಕ್ಷಕರು ಕೃಪೆ ತೋರಿದರೆ ಉಂಟು, ಇಲ್ಲದಿದ್ದರೆ ಮಗು ತಾನೇ ಓದಿಕೊಳ್ಳಬೇಕು. ಓದೋದೇ ಕಷ್ಟ ಇರುವ ಮಗುವಿಗೆ!

10 ದಾಟದಿದ್ದರೂ ವೆಲ್ಡರ್, ವೈರ್‌ಮ್ಯಾನ್, ಹೊಲಿಗೆ ತಂತ್ರಜ್ಞಾನ ಮುಂತಾದ ಕೆಲವು ಟ್ರೇಡ್‌ಗಳಿಗೆ 8ನೇ ತರಗತಿ ತೇರ್ಗಡೆ ಸಾಕು. ಅದಕ್ಕಾದರೂ 8ರ ಅಂಕಪಟ್ಟಿ, ವರ್ಗಾವಣೆ ಪತ್ರ ಸರಿಯಾಗಿ ಇಟ್ಟುಕೊಳ್ಳಿ.

ತೆರೆದ_ಶಾಲೆ:
ಎನ್‌ಐಒಎಸ್ ಬಗ್ಗೆ ಇಲ್ಲಿ ಸ್ವಲ್ಪ ಅನ್ಯಾಯ ಆಗ್ತಿದೆ. ಅದು ಕೇಂದ್ರ ಸರ್ಕಾರದ ಮಂಡಳಿ, ಪ್ರಮಾಣಪತ್ರಕ್ಕೆ ಬೇರೆ ಮಂಡಳಿಗಳಷ್ಟೇ ಬೆಲೆ. ಸುಲಭ ಅಲ್ಲ, ಬೇರೆ ಥರ ಅಷ್ಟೇ.

ಐದು ವಿಷಯ ಸಾಕು. ಕನಿಷ್ಠ ಒಂದು ಭಾಷೆ, ಹೆಚ್ಚೆಂದರೆ ಎರಡು. ಕನ್ನಡವನ್ನೇ ಏಕೈಕ ಭಾಷೆಯಾಗಿ ತಗೊಂಡು ಉಳಿದ ನಾಲ್ಕನ್ನು ಗೃಹವಿಜ್ಞಾನ, ಚಿತ್ರಕಲೆ, ಡೇಟಾ ಎಂಟ್ರಿ, ವ್ಯವಹಾರ ಅಧ್ಯಯನ, ಸಮಾಜ ವಿಜ್ಞಾನ, ಗಣಿತ ಇಂಥವುಗಳಲ್ಲಿ ಆರಿಸಬಹುದು. ನೋಂದಣಿ ಐದು ವರ್ಷ ಇರುತ್ತೆ, ಒಂಬತ್ತು ಅವಕಾಶ. ವರ್ಷಕ್ಕೆ ಎರಡು ಸಾರ್ವಜನಿಕ ಪರೀಕ್ಷೆ, ಏಪ್ರಿಲ್-ಮೇ ಹಾಗೂ ಅಕ್ಟೋಬರ್-ನವೆಂಬರ್. ಒಂದು ಸಲಕ್ಕೆ ಎರಡೇ ವಿಷಯ ಬರೆದರೂ ಆಯ್ತು, ಪಾಸಾದದ್ದು ಹಾಗೇ ಉಳಿಯುತ್ತೆ. ತೇರ್ಗಡೆ ಶೇ 33. ಬೇಡಿಕೆ ಮೇರೆಗೆ ಪರೀಕ್ಷೆಯೂ ಇದೆ, ಎಲ್ಲ ಊರಲ್ಲೂ ಅಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಕೆಲವು ವಿಷಯ ಪಾಸಾಗಿ ಕೆಲವು ಹೋದವರು ಎರಡು ವಿಷಯದವರೆಗೆ ಅಂಕ ವರ್ಗಾಯಿಸಿಕೊಳ್ಳಬಹುದು. ಹಾಗಾಗಿ ಮೊದಲು ಎಸ್ಸೆಸ್ಸೆಲ್ಸಿ ಬರೆದು, ಆಗದಿದ್ದರೆ ಇಲ್ಲಿಗೆ ಬರುವ ದಾರಿ ಯಾವಾಗಲೂ ತೆರೆದಿರುತ್ತೆ. ಆ ಕಡೆಯಿಂದ ಈ ಕಡೆಗೆ ಬರೋದು ಸುಲಭ, ಈ ಕಡೆಯಿಂದ ಆ ಕಡೆ ಹೋಗೋದು ಕಷ್ಟ.

ಎಲ್ಲಿ ಎಡವುತ್ತಾರೆ ಅಂದರೆ: ಪ್ರಾಯೋಗಿಕ ಪರೀಕ್ಷೆ. ಚಿತ್ರಕಲೆ, ಡೇಟಾ ಎಂಟ್ರಿಯಲ್ಲಿ ಪ್ರಾಯೋಗಿಕದ ಪಾಲೇ ಹೆಚ್ಚು, ಅದರಲ್ಲಿ ಬೇರೆಯಾಗಿ ಪಾಸಾಗಬೇಕು. ದಿನಾಂಕ ಥಿಯರಿಗಿಂತ ಮೊದಲೇ ಬರುತ್ತೆ, ಅಧ್ಯಯನ ಕೇಂದ್ರದವರು ಫೋನ್ ಮಾಡಿ ಕರೆಯಲ್ಲ. ಎರಡನೆಯದು ಮನೆಯಲ್ಲಿ ಬರೆದು ಕೊಡುವ ಅಸೈನ್‌ಮೆಂಟ್, ಅದಕ್ಕೆ ಶೇ 20ರ ತೂಕ ಇದೆ, ಅಲಕ್ಷ್ಯ ಮಾಡಿದರೆ ಕೈಯಾರೆ ಕಳೆದುಕೊಂಡಂತೆ. ಮೂರನೆಯದು ಮಾಧ್ಯಮ. ಭಾಷಾ ವಿಷಯವಾಗಿ ಕನ್ನಡ ಇದೆ ಅಂದ ಮಾತ್ರಕ್ಕೆ ನೀವು ಆರಿಸಿದ ಎಲ್ಲ ವಿಷಯಕ್ಕೂ ಕನ್ನಡದಲ್ಲಿ ಪುಸ್ತಕ ಕೈಗೆ ಸಿಗುತ್ತೆ ಅಂದುಕೊಳ್ಳಬೇಡಿ. ಫಾರ್ಮ್ ತುಂಬುವ ಮೊದಲೇ ಪುಸ್ತಕ ಕಣ್ಣಿಂದ ನೋಡಿ. ಕನ್ನಡ ಮಾಧ್ಯಮದ ಮಗುವನ್ನು ಇಂಗ್ಲಿಷ್ ಪುಸ್ತಕದ ಮುಂದೆ ಕೂರಿಸಿದರೆ ಎಸ್ಸೆಸ್ಸೆಲ್ಸಿಗಿಂತ ಕಷ್ಟ ಆಗುತ್ತೆ.

ನಾಲ್ಕನೆಯದು ದುಡ್ಡು. ಎನ್‌ಐಒಎಸ್ ಶುಲ್ಕ ಕಡಿಮೆ, ಅಂಗವಿಕಲ ಮಕ್ಕಳಿಗೆ ಇನ್ನೂ ರಿಯಾಯಿತಿ. ಊರೂರಲ್ಲಿ "ಎನ್‌ಐಒಎಸ್ ಗ್ಯಾರಂಟಿ ಪಾಸ್" ಅಂತ ಬೋರ್ಡ್ ಹಾಕಿದವರು ಕೇಳುವ ದುಡ್ಡು ಮಂಡಳಿಯ ಶುಲ್ಕ ಅಲ್ಲ. ಅಂಗವಿಕಲ ಮತ್ತು ಅವಕಾಶವಂಚಿತ ಮಕ್ಕಳಿಗೆಂದೇ ಮಾನ್ಯತೆ ಪಡೆದ ವಿಶೇಷ ಕೇಂದ್ರಗಳಿವೆ, ಸೈಡ್ ಅಂತ ಕರೀತಾರೆ. ನಿಮ್ಮ ಜಿಲ್ಲೆಯಲ್ಲಿ ಇದ್ದರೆ ಅಲ್ಲೇ ಸೇರಿಸಿ.

ಕಪ್ಪುಹಲಗೆ:
ಒಪ್ಪಿದೆ. ಆದರೆ ಶಾಲೆ ಬಿಟ್ಟ ಹುಡುಗ ದಿನವಿಡೀ ಏನು ಮಾಡ್ತಾನೆ ಅನ್ನೋದು ಪರೀಕ್ಷೆಗಿಂತ ದೊಡ್ಡ ಪ್ರಶ್ನೆ. ಗೆಳೆಯರು, ಆಟ, ಬಿಸಿಯೂಟ, ಎನ್‌ಎಸ್‌ಎಸ್ ಇಲ್ಲದ ಐದು ವರ್ಷ.

ತೆರೆದ_ಶಾಲೆ:
ಮೇಷ್ಟ್ರೇ, ಶಾಲೆಯಲ್ಲಿ ಕೊನೇ ಬೆಂಚಲ್ಲಿ ಕೂರಿಸಿ ಮಾತಾಡಿಸದೇ ಬಿಟ್ಟರೆ ಅದೂ ಐದು ವರ್ಷವೇ ಅಲ್ವಾ? ಮಗು ಇರುವ ಶಾಲೆ ನೋಡಿ ಹೇಳಬೇಕು. (ಎನ್‌ಎಸ್‌ಎಸ್ ಪಿಯುಸಿಯಿಂದ, ಪ್ರೌಢಶಾಲೆಗೆ ಸ್ಕೌಟ್ಸ್.)

ಧಾರವಾಡ_ಪೇಡೆ:
ಬರಹಗಾರರ ಬಗ್ಗೆ ಯಾರೂ ಬಿಡಿಸಿ ಹೇಳಲಿಲ್ಲ. ಅಭ್ಯರ್ಥಿಗಿಂತ ಕೆಳಗಿನ ತರಗತಿಯ ಹುಡುಗ್ರ ಬೇಕು. 9ನೇತ್ತದವರಿಗೂ ಅದ ಹೊತ್ತಿಗೆ ಪರೀಕ್ಷಾ ಇರ್ತದ, ಅವರ ಅಪ್ಪ ಅವ್ವ ಕಳಸಂಗಿಲ್ಲ. ದಸರಾ ರಜಾ ಮುಗಿಯೂದ್ರಾಗ ಇಬ್ಬರ ಹೆಸರು ಗಟ್ಟಿ ಮಾಡ್ರಿ, ಒಬ್ಬಾಂವಗ ಜ್ವರ ಬಂದ್ರ ಇನ್ನೊಬ್ಬ. ಕೇಂದ್ರದ 2018ರ ಮಾರ್ಗಸೂಚಿ ಒಳಗ ಬೇರೆ ಬೇರೆ ವಿಷಯಕ್ಕ ಬೇರೆ ಬೇರೆ ಬರಹಗಾರರನ್ನ ತಗೋಬಹುದು, ಒಂದು ವಿಷಯಕ್ಕ ಒಬ್ಬರ ಅಂತ ಐತಿ. ತುರ್ತಿದ್ರ ಬದಲಿಸಾಕೂ ಅವಕಾಶ ಐತಿ. ಪರೀಕ್ಷಾಕ್ಕ ಎರಡು ದಿನ ಮೊದಲ ಅಭ್ಯರ್ಥಿ ಬರಹಗಾರನ್ನ ಭೇಟಿಯಾಗಾಕ ಬಿಡಬೇಕು ಅಂತನೂ ಐತಿ. ನನ್ನ ಕೇಳಿದ್ರ ಎರಡು ದಿನ ಅಲ್ಲ, ಎರಡು ತಿಂಗಳು ಬೇಕ್ರಿ.

ಹೇಳಿ ಬರೆಸೋದು ಬ್ಯಾರೇನ ವಿದ್ಯಾ. "ಎಕ್ಸ್ ವರ್ಗ ಪ್ಲಸ್ ಐದು ಎಕ್ಸ್, ಬ್ರಾಕೆಟ್ ಮುಚ್ಚು, ಕೆಳಗಿನ ಸಾಲು" ಅಂತ ಗಣಿತ ಹೇಳಾಕ ರೂಢಿ ಆಗಬೇಕು. ರೇಖಾಗಣಿತದ ಚಿತ್ರ, ನಕ್ಷೆ ತಾನ ಬರೀತಾನೋ, ಹೇಳಿ ಬರೆಸ್ತಾನೋ ಮೊದಲ ತೀರ್ಮಾನ ಮಾಡ್ರಿ. ಒಂದು ಅಂಕದ ಪ್ರಶ್ನಿ ಎಲ್ಲಾ ಮೊದಲ ಮುಗಿಸೋದು, ದೊಡ್ಡ ಉತ್ತರಕ್ಕ ಮೂರು ಅಂಶ ಬಾಯಾಗ ಅಂದುಕೊಂಡು ಆಮ್ಯಾಲೆ ಹೇಳೋದು. 9ನೇತ್ತದ ಅರ್ಧವಾರ್ಷಿಕದಿಂದನ ಶಾಲಾ ಪರೀಕ್ಷಾದಾಗ ಹಿಂಗ ಬರೆಸ್ರಿ. ಇದರಾಗ ಇನ್ನೊಂದು ಲಾಭ: ಮೊದಲಿಂದ ಈ ಅನುಕೂಲ ಬಳಸ್ಯಾನ ಅಂತ ಶಾಲಿ ದಾಖಲೆ ಆಗ್ತದ.

ಕಾನೂನು_ಕಟ್ಟೆ:
ಒಂದು ಸೇರಿಕೆ. "ಅಂಗವೈಕಲ್ಯ 40 ಪ್ರತಿಶತ ಇಲ್ಲ, ಹಾಗಾಗಿ ಬರಹಗಾರ ಇಲ್ಲ" ಅಂತ ಯಾರಾದರೂ ಹೇಳಿದರೆ, ವಿಕಾಸ್ ಕುಮಾರ್ ಮತ್ತು ಯುಪಿಎಸ್‌ಸಿ ಪ್ರಕರಣದ 2021ರ ಸುಪ್ರೀಂ ಕೋರ್ಟ್ ತೀರ್ಪು ತೋರಿಸಿ. ಬರಹಗಾರರ ಸೌಲಭ್ಯ ಶೇ 40 ದಾಟಿದವರಿಗೆ ಮಾತ್ರ ಸೀಮಿತವಲ್ಲ ಅಂತ ಅದರಲ್ಲಿದೆ. ಅದರ ನಂತರ 2022ರ ಆಗಸ್ಟ್‌ನಲ್ಲಿ ಶೇ 40ಕ್ಕಿಂತ ಕಡಿಮೆ ಇದ್ದು ಬರೆಯಲು ಕಷ್ಟ ಇರುವವರಿಗೆ ಕೇಂದ್ರ ಪ್ರತ್ಯೇಕ ಮಾರ್ಗಸೂಚಿ ಹೊರಡಿಸಿತು. ಶೇ 40 ಬೇಕಾಗೋದು ಮೀಸಲಾತಿಗೆ, ವಿದ್ಯಾರ್ಥಿವೇತನಕ್ಕೆ. ಎರಡನ್ನೂ ಕಲಸಬೇಡಿ.

ಶಾಲೆ ಅರ್ಜಿ ಮುಂದಕ್ಕೆ ಕಳಿಸದಿದ್ದರೆ ಬಿಇಒ, ಆಮೇಲೆ ಡಿಡಿಪಿಐ (ಜಿಲ್ಲೆಯ ಶಿಕ್ಷಣ ಇಲಾಖೆ ಉಪನಿರ್ದೇಶಕರು), ಅಲ್ಲೂ ಆಗದಿದ್ದರೆ ಅಂಗವಿಕಲ ವ್ಯಕ್ತಿಗಳ ರಾಜ್ಯ ಆಯುಕ್ತರಿಗೆ ದೂರು. ವಕೀಲರು ಬೇಕಿಲ್ಲ. ಆಗಲೇ ಹೇಳಿದ ಸೀಲು ಬಿದ್ದ ಪ್ರತಿಗಳನ್ನು ಜೋಡಿಸಿ ಕಳಿಸಿ.

ಮಂಡ್ಯದ_ಅಕ್ಕ:
ಇದೇ ಎಳೆಯಲ್ಲಿ ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಹುಡುಗಿಗೆ 16, ಬೌದ್ಧಿಕ ನ್ಯೂನತೆ, ಶೇ 60 ಅಂತ ಕಾರ್ಡ್ ಇದೆ. ಹೆಸರು ಬರೀತಾಳೆ, ನೂರರವರೆಗೆ ಎಣಿಸ್ತಾಳೆ. ಎಸ್ಸೆಸ್ಸೆಲ್ಸಿ ಕಟ್ಟಿಸಿ ಅಂತ ನೆಂಟರ ಒತ್ತಾಯ.

ತೆರೆದ_ಶಾಲೆ:
ಅಕ್ಕ, ನೆಂಟರಿಗೆ ಕೈಮುಗಿದುಬಿಡಿ. ಎನ್‌ಐಒಎಸ್‌ನಲ್ಲೇ ಮುಕ್ತ ಮೂಲ ಶಿಕ್ಷಣ ಅಂತ ಮೂರು ಹಂತ ಇವೆ: ಎ ಮಟ್ಟ 3ನೇ ತರಗತಿಗೆ, ಬಿ 5ಕ್ಕೆ, ಸಿ 8ಕ್ಕೆ ಸಮ. ಎ ಇಂದ ಶುರುಮಾಡಿ. ಸಿ ಮುಗಿದರೆ 8ನೇ ತರಗತಿ ತೇರ್ಗಡೆ ಅಂತಲೇ ಲೆಕ್ಕ. ಅದರ ಜೊತೆಗೆ ಹೊಲಿಗೆ, ಬೇಕರಿ ಥರದ ವೃತ್ತಿ ತರಬೇತಿ. ಹಣ ಎಣಿಸೋದು, ಬಸ್ ಬೋರ್ಡ್ ಓದೋದು, ಗಡಿಯಾರ ನೋಡೋದು ಇವನ್ನು ವಿಶೇಷ ಶಾಲೆಯ ಯೋಜನೆಯಲ್ಲಿ ಬರೆಸಿ. ಕಾಯ್ದೆಯ 31ನೇ ಕಲಂ ಪ್ರಕಾರ ಶೇ 40ರ ಮೇಲಿನ ಮಕ್ಕಳಿಗೆ 6ರಿಂದ 18ರವರೆಗೆ ಹತ್ತಿರದ ಶಾಲೆ ಅಥವಾ ವಿಶೇಷ ಶಾಲೆಯಲ್ಲಿ ಉಚಿತ ಶಿಕ್ಷಣದ ಹಕ್ಕಿದೆ, 14ಕ್ಕೆ ನಿಲ್ಲಲ್ಲ.

ಕಾನೂನು_ಕಟ್ಟೆ:
18 ತುಂಬುವ ಮೊದಲೇ ಎರಡು ಕೆಲಸ. ರಾಷ್ಟ್ರೀಯ ನ್ಯಾಸ ಕಾಯ್ದೆ 1999ರಡಿ ಬೌದ್ಧಿಕ ನ್ಯೂನತೆ, ಆಟಿಸಂ, ಸೆರೆಬ್ರಲ್ ಪಾಲ್ಸಿ, ಬಹು ಅಂಗವೈಕಲ್ಯ ಇರುವವರಿಗೆ ಕಾನೂನುಬದ್ಧ ಪೋಷಕರನ್ನು ಜಿಲ್ಲಾಧಿಕಾರಿ ಅಧ್ಯಕ್ಷತೆಯ ಸ್ಥಳೀಯ ಮಟ್ಟದ ಸಮಿತಿ ನೇಮಿಸುತ್ತೆ. 18 ಆದಮೇಲೆ ತಂದೆತಾಯಿ ಅನ್ನೋ ಕಾರಣಕ್ಕೇ ಬ್ಯಾಂಕಿನಲ್ಲಿ ಸಹಿ ನಡೆಯಲ್ಲ, ಕಾಗದಪತ್ರ ಮೊದಲೇ ಜೋಡಿಸಿಡಿ. ಎರಡನೆಯದು ನಿರಾಮಯ ಆರೋಗ್ಯ ವಿಮೆ, 1 ಲಕ್ಷ ರೂಪಾಯಿವರೆಗೆ. ಅದಕ್ಕೆ 18 ಆಗಬೇಕಿಲ್ಲ, ಈಗಲೇ ಮಾಡಿಸಿ. ಕಲಿಕಾ ನ್ಯೂನತೆಯವರಿಗೆ ಇವೆರಡೂ ಅನ್ವಯಿಸಲ್ಲ.

ಹೇಮಾವತಿ_ತೀರ:
ತುಂಬಾ ಉಪಕಾರ ಆಯ್ತು. ಟಿ.ಸಿ. ಬೇಡ ಅಂತ ನಾಳೆಯೇ ಹೇಳ್ತೀವಿ. 10 ಆದಮೇಲೆ ಏನು ಸಿಗುತ್ತೆ?

ಐಟಿಐ_ಮೇಷ್ಟ್ರು:
ಶೇ 40 ದಾಟಿದ್ದರೆ ಸರ್ಕಾರಿ, ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಶೇ 5 ಸೀಟು, ವಯೋಮಿತಿಯಲ್ಲಿ 5 ವರ್ಷ ಸಡಿಲಿಕೆ. ಸಿಇಟಿ ಮೂಲಕ ಹೋಗೋದಾದರೆ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಮತ್ತೆ ವೈದ್ಯಕೀಯ ತಪಾಸಣೆ ಮಾಡುತ್ತೆ, ಕಾರ್ಡ್ ಇದೆ ಅಂತ ಆ ದಿನ ತಪ್ಪಿಸಬೇಡಿ. ವಿದ್ಯಾರ್ಥಿವೇತನ 9ನೇ ತರಗತಿಯಿಂದಲೇ ಇದೆ: ಕೇಂದ್ರದ ಮೆಟ್ರಿಕ್ ಪೂರ್ವ ಯೋಜನೆ, ಶೇ 40 ಮತ್ತು ಕುಟುಂಬದ ಆದಾಯ ವರ್ಷಕ್ಕೆ 2.5 ಲಕ್ಷದೊಳಗೆ. ಅರ್ಜಿ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ. ಖಾತೆಗೆ ಆಧಾರ್ ಜೋಡಣೆ ಆಗಿರಬೇಕು, ಇಲ್ಲದಿದ್ದರೆ ಮಂಜೂರಾದರೂ ಹಣ ಬರಲ್ಲ.

ಪಿಯುಸಿಗೆ ಹೋದಾಗ ಅನುಕೂಲಗಳು ತಾವಾಗಿ ಹಿಂದೆ ಬರಲ್ಲ. ದಾಖಲಾತಿ ದಿನವೇ ಪ್ರಾಂಶುಪಾಲರಿಗೆ ಎಸ್ಸೆಸ್ಸೆಲ್ಸಿ ಮಂಜೂರಾತಿ ಆದೇಶದ ಪ್ರತಿ ಕೊಟ್ಟು ಹೊಸ ಅರ್ಜಿ ಹಾಕಿ.

ಮನೋಮಾಪಕ:
ನಾಳೆ ಶಾಲೆಗೆ ಹೋದಾಗ ಹುಡುಗನ ಹಳೇ ನೋಟ್‌ಬುಕ್‌ಗಳನ್ನೂ ಇಸ್ಕೊಂಡು ಬನ್ನಿ. 3ನೇ, 5ನೇ ತರಗತಿಯದ್ದು ಮನೆಯಲ್ಲಿದ್ದರೆ ಇನ್ನೂ ಒಳ್ಳೇದು. ತಿದ್ದಬೇಡಿ, ರದ್ದಿಗೆ ಹಾಕಬೇಡಿ. ಮೌಲ್ಯಮಾಪನದ ದಿನ ಹಾಗೇ ತಗೊಂಡು ಹೋಗಿ.

ಹೇಮಾವತಿ_ತೀರ:
5ನೇದು ಇದೆ, 3ನೇದು ಹುಡುಕ್ತೀನಿ.